ನಿಂತಲ್ಲೇ ಆರುವ ಎಂಜಿನ್

ನಮ್ಮ ಮನೆಗೆ ಯಾರೇ ಬರಲಿ, ಅವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಅಪ್ಪ ಕಾರಿನ ವಿಷಯಕ್ಕೆ ಬಂದುಬಿಡುತ್ತಾನೆ.

“ಮೂರು ಸಿಲಿಂಡರ್. ಎಂಟುನೂರು ಸಿಸಿಗೆ ಕೂದಲೆಳೆಯಷ್ಟು ಕಡಿಮೆ. ಕಾರ್ಬುರೇಟರ್ ಗಾಡಿ, ಒಳಗೆ ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಟೈಮಿಂಗ್ ಬೆಲ್ಟ್ ಒಂದು ಬದಲಾಯಿಸ್ತಾ ಇದ್ರೆ ಮೊಮ್ಮಕ್ಕಳ ಕಾಲಕ್ಕೂ ಓಡುತ್ತೆ.”

ಎಂಜಿನ್ನಿನ ರೋಗಗಳನ್ನು ಮಾತ್ರ ಹೇಳುವುದಿಲ್ಲ. ಅವು ಮನೆಯೊಳಗಿನ ವಿಷಯ. ಅಪ್ಪ ನೀರಿನ ಇಲಾಖೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದಾನೆ. ಯಾರ ಮನೆಯ ನಲ್ಲಿ ಸೋರಿದರೂ ನೋಟಿಸು ಕೊಡುತ್ತಾನೆ. ನಮ್ಮ ಎಂಜಿನ್ನಿನ ಹೆಡ್ ಕವರಿನಿಂದ ಎಣ್ಣೆ ಸೋರುತ್ತದೆ. ಅದಕ್ಕೆ ಕೆಳಗೆ ರಟ್ಟು ಹಾಸಿದ್ದಾನೆ.

ನನಗೆ ಕಾರು ಕಲಿಸಿದವನೂ ಅವನೇ. ಉಳಿದವರು ಕ್ಲಚ್ಚು, ಗೇರು, ಬ್ರೇಕು ಕಲಿಯುತ್ತಾರೆ. ನಾನು ಅವುಗಳ ಜೊತೆಗೆ ರೋಗಿಯ ಆರೈಕೆಯನ್ನೂ ಕಲಿತೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಹೊತ್ತಿಸಲು ಚೋಕ್ ಎಳೆದರೆ ಅದು ತಾನಾಗಿ ಒಳಗೆ ಜಾರಿಕೊಳ್ಳುತ್ತದೆ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ತಡೆದಿಡಬೇಕು. ರೇಡಿಯೇಟರಿನ ಫ್ಯಾನು ತಾನಾಗಿ ತಿರುಗುವುದಿಲ್ಲ. ಬಿಸಿ ತೋರಿಸುವ ಸೂಜಿ ಅರ್ಧ ದಾಟಿದ ಕೂಡಲೇ ಸ್ಟೀರಿಂಗ್ ಕೆಳಗೆ ಅಪ್ಪ ಜೋಡಿಸಿರುವ ಸ್ವಿಚ್ಚು ಹಾಕಬೇಕು. ಅದು ಮೊದಲು ನಮ್ಮ ಬಚ್ಚಲುಮನೆಯ ದೀಪದ್ದಾಗಿತ್ತು. ಬಿಸಿಲಿಗೆ ಪಂಪ್ ಕಾದು, ಪೆಟ್ರೋಲು ಆವಿಯಾಗಿ ಎಂಜಿನ್ ಕೆಮ್ಮತೊಡಗಿದರೆ ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಬೇಕು. ಇವೆಲ್ಲ ಹೋಗಲಿ. ದೊಡ್ಡ ರೋಗವೆಂದರೆ, ಗಾಡಿ ನಿಂತರೆ ಎಂಜಿನ್ನೂ ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎರಡು ಸಲ ನಡುಗಿ ಆರಿಹೋಗುತ್ತದೆ. ಆದ್ದರಿಂದ ಬಲಪಾದದ ಅರ್ಧವನ್ನು ಬ್ರೇಕಿನ ಮೇಲೂ ಅರ್ಧವನ್ನು ಆಕ್ಸಿಲರೇಟರಿನ ಮೇಲೂ ಇಟ್ಟು ಗುಂಯ್ ಎನ್ನಿಸುತ್ತಲೇ ಇರಬೇಕು.

“ಎಲ್ಲರಿಗೂ ಬರೋ ವಿದ್ಯೆ ಅಲ್ಲ ಇದು,” ಅಂದಿದ್ದ ಅಪ್ಪ. “ಈ ಗಾಡಿ ಓಡಿಸಿದವಳು ವಿಮಾನ ಕೊಟ್ರೂ ಓಡಿಸ್ತಾಳೆ.”

ವಿಮಾನ ಯಾರೂ ಕೊಡಲಿಲ್ಲ. ರಕ್ತಪರೀಕ್ಷೆಯ ಲ್ಯಾಬೊಂದಕ್ಕೆ ಡ್ರೈವರ್ ಬೇಕಾಗಿತ್ತು. ಬೆಳಿಗ್ಗೆ ಬೇಗ ಹೊರಟು ಮನೆಗಳಿಂದ, ಸಣ್ಣ ಕ್ಲಿನಿಕ್ಕುಗಳಿಂದ ಸ್ಯಾಂಪಲ್ ತರುವ ಕೆಲಸ. ಅದು ಸಿಗದಿದ್ದರೆ ನಾನು ಸೋದರಮಾವನ ಟೈಲ್ಸ್ ಅಂಗಡಿಯಲ್ಲಿ ಕೂರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮಾವ ಒಳ್ಳೆಯವನೇ. ಆದರೆ ಬಂದವರಿಗೆಲ್ಲ ಬಚ್ಚಲಿನ ಟೈಲ್ಸ್ ತೋರಿಸಿ “ಇದು ಜಾರಲ್ಲ ಮೇಡಂ” ಅನ್ನುತ್ತಾ ಬದುಕು ಸವೆಸುವುದು ನನಗೆ ಬೇಡವಾಗಿತ್ತು.

ಲ್ಯಾಬಿನ ಸೂಪರ್‌ವೈಸರ್ ಟೆಸ್ಟಿನ ದಿನ ಸ್ಯಾಂಪಲ್ ಇಡುವ ಐಸ್ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತ. ಹೊಸ ಕಾರು. ಕೀ ತಿರುಗಿಸಿದರೆ ಸ್ಟಾರ್ಟ್ ಆಗಿದೆಯೋ ಇಲ್ಲವೋ ಗೊತ್ತಾಗದಷ್ಟು ಮೆತ್ತಗೆ ಇತ್ತು. ಹೊರಟೆ. ತಿರುವು, ಉಬ್ಬು, ಹಿಂದಕ್ಕೆ ತೆಗೆಯುವುದು, ಎಲ್ಲ ಸರಿಯಾಯಿತು. ಅವನು ತಲೆಯಾಡಿಸುತ್ತಿದ್ದ. ಸಿಗ್ನಲ್ ಬಂತು. ನನ್ನ ಪಾದ ತಾನಾಗಿ ಎರಡು ಕಡೆಗೂ ಹರಡಿಕೊಂಡಿತು. ಎಂಜಿನ್ ಗುಂಯ್ ಅಂದಿತು.

“ಯಾರ ಜೊತೆ ರೇಸ್ ನಿಮ್ಮದು?”

“ಆಫ್ ಆಗಬಾರದು ಅಂತ ಸಾರ್.”

“ಯಾಕೆ ಆಫ್ ಆಗುತ್ತೆ? ನ್ಯೂಟ್ರಲ್ ಮಾಡಿ, ಕ್ಲಚ್ ಬಿಡಿ, ಆಕ್ಸಿಲರೇಟರ್ ಬಿಡಿ.”

ಬಿಟ್ಟೆ. ಎಂಜಿನ್ ಆಫ್ ಆಯಿತು. ನಡುಗದೆ, ಕೆಮ್ಮದೆ, ನಿದ್ದೆಯಲ್ಲಿ ಪ್ರಾಣ ಹೋದವರ ಹಾಗೆ.

ಇಂಥ ಹೊತ್ತಿನಲ್ಲಿ ಯೋಚಿಸಬಾರದು ಎಂದು ಅಪ್ಪ ಕಲಿಸಿದ್ದಾನೆ. ಹ್ಯಾಂಡ್‌ಬ್ರೇಕ್ ಎಳೆದೆ, ಬಾನೆಟ್ಟಿನ ಹಿಡಿ ಎಳೆದೆ, ನೀರಿನ ಬಾಟಲಿಯನ್ನೂ ಕರವಸ್ತ್ರವನ್ನೂ ಹಿಡಿದು ಇಳಿದೆ. ಬಾನೆಟ್ ಎತ್ತಿದರೆ ಒಳಗೆ ಕಪ್ಪು ಪ್ಲಾಸ್ಟಿಕ್ಕಿನ ದೊಡ್ಡ ಮುಚ್ಚಳ. ಕಾರ್ಬುರೇಟರ್ ಇಲ್ಲ, ಪಂಪ್ ಇಲ್ಲ, ನನಗೆ ಗುರುತಿರುವ ಒಂದು ಮುಖವೂ ಇಲ್ಲ. ಹಿಂದಿನಿಂದ ಹಾರ್ನ್ ಶುರುವಾಯಿತು. ಸೂಪರ್‌ವೈಸರ್ ಡಬ್ಬವನ್ನು ತಬ್ಬಿಕೊಂಡೇ ಕಿಟಕಿಯಿಂದ ತಲೆ ಹೊರಹಾಕಿದ.

“ಏನು ಮಾಡ್ತಿದ್ದೀರಾ ಅಲ್ಲಿ?”

“ಪಂಪ್ ಹುಡುಕ್ತಿದ್ದೀನಿ ಸಾರ್. ಒದ್ದೆ ಬಟ್ಟೆ ಹಾಕಬೇಕು.”

“ಜ್ವರ ಬಂದಿದೆಯಾ ಅದಕ್ಕೆ? ತಾಯೀ, ಅದು ನಿಂತಾಗ ತಾನಾಗೇ ಆಫ್ ಆಗುತ್ತೆ, ಪೆಟ್ರೋಲ್ ಉಳಿಯಲಿ ಅಂತ. ಕ್ಲಚ್ ಒತ್ತಿದ್ರೆ ತಾನಾಗೇ ಸ್ಟಾರ್ಟ್ ಆಗುತ್ತೆ. ಬಾನೆಟ್ ಹಾಕಿ ಮೊದಲು, ಬನ್ನಿ ಒಳಗೆ!”

ವಾಪಸ್ ಬಂದ ಮೇಲೆ ಅವನು ಬಹಳ ಹೊತ್ತು ಕನ್ನಡಕ ಒರೆಸಿದ. “ಓಡಿಸೋಕೆ ಬರುತ್ತೆ ನಿಮಗೆ. ಗಾಡಿ ಮೇಲೆ ನಂಬಿಕೆ ಇಲ್ಲ, ಅಷ್ಟೇ. ಬೆಳಗಿನ ಪಾಳಿಗೆ ಬೇರೆ ಯಾರೂ ಒಪ್ಪಿಲ್ಲ, ಅದಕ್ಕೆ ಸೋಮವಾರ ಇನ್ನೊಂದು ಸಲ ನೋಡ್ತೀನಿ. ಸಿಗ್ನಲ್ಲಲ್ಲಿ ಗುಂಯ್ ಅಂದ್ರೆ ಟೆಸ್ಟ್ ಅಲ್ಲಿಗೇ ಮುಗೀತು.”

ಮನೆಯಲ್ಲಿ ಹೇಳಿದೆ. ಅಪ್ಪನಿಗೆ ಸಿಟ್ಟು ಬರಬಹುದೆಂದುಕೊಂಡಿದ್ದೆ. ಅವನ ಮುಖ ಅರಳಿತು.

“ಸಿಗ್ನಲ್ಲಲ್ಲಿ ಆಫ್ ಆಗುತ್ತಾ? ಅದು ಹೊಸ ಟೆಕ್ನಾಲಜಿನಾ? ನಮ್ಮ ಗಾಡಿ ಇದನ್ನ ಮೊದಲಿಂದ ಮಾಡ್ತಾ ಬಂದಿದೆ!”

“ನಮ್ಮದು ಮತ್ತೆ ಸ್ಟಾರ್ಟ್ ಆಗಲ್ಲ ಅಪ್ಪಾ.”

“ಅದು ಬೇರೆ ಪ್ರಶ್ನೆ.”

ಅಮ್ಮ ಮನೆಯಲ್ಲೇ ಬಟ್ಟೆ ಹೊಲಿದು ಅಂಗಡಿಗಳಿಗೆ ಕೊಡುತ್ತಾಳೆ. ಮಿಷನ್ ನಿಲ್ಲಿಸಿ ಕೇಳಿದಳು: “ಇವಳಿಗೆ ಕೆಲಸ ಸಿಗಬೇಕೋ, ನಿಮ್ಮ ಕಾರಿಗೆ ಹಾರ ಹಾಕಬೇಕೋ?”

ತೊಂದರೆ ನನ್ನ ತಲೆಯಲ್ಲಿರಲಿಲ್ಲ, ಕಾಲಿನಲ್ಲಿತ್ತು. ತಲೆಗೆ ಒಂದು ಸಲ ಹೇಳಿದರೆ ತಿಳಿಯುತ್ತದೆ. ಕಾಲಿಗೆ ಅಭ್ಯಾಸವೇ ಆಗಬೇಕು. ಅದಕ್ಕೆ ಆರೋಗ್ಯವಾಗಿರುವ ಎಂಜಿನ್ ಬೇಕು. ಮೆಕ್ಯಾನಿಕ್ಕಿಗೆ ತೋರಿಸೋಣ ಎಂದೆ.

“ಅವನ ಸ್ಪ್ಯಾನರ್ ಒಂದು ಸಲ ಬಿತ್ತು ಅಂದ್ರೆ ಮುಗೀತು. ಆಮೇಲೆ ಇದು ನನ್ನ ಮಾತು ಕೇಳಲ್ಲ,” ಎಂದು ಅಪ್ಪ ಮಾತು ಮುಗಿಸಿದ.

ಮರುದಿನ ಅವನು ಯಾವತ್ತಿನ ಹಾಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋದ ಮೇಲೆ ಅಮ್ಮ ಮೊಳೆಯಿಂದ ಕೀ ತೆಗೆದು ನನ್ನ ಕೈಗೆ ಹಾಕಿದಳು.

ಮೆಕ್ಯಾನಿಕ್ ಫೋನಿನಲ್ಲಿ ಯಾರಿಗೋ ಬೈಯುತ್ತಲೇ ಬಾನೆಟ್ ಎತ್ತಿ, ಸ್ಟಾರ್ಟ್ ಮಾಡಿಸಿ, ಕಾರ್ಬುರೇಟರಿನ ಕೆಳಗಿನ ಒಂದು ರಬ್ಬರ್ ಪೈಪನ್ನು ಬೆರಳಿನಿಂದ ಹಿಸುಕಿದ. ಎಂಜಿನ್ ನಡುಕ ಬಿಟ್ಟು ಹದವಾಗಿ ಓಡತೊಡಗಿತು.

“ಪೈಪ್ ಬಿರುಕು ಬಿಟ್ಟು ಗಾಳಿ ಎಳೀತಿದೆ. ನಿಂತಾಗ ಆಫ್ ಆಗ್ತಿರಬೇಕಲ್ಲ? ಯಾವಾಗಿಂದ?”

“ನಾನು ಹುಟ್ಟಿದಾಗಿಂದ.”

“ಇಷ್ಟು ವರ್ಷ ಏನು ಮಾಡ್ತಿದ್ರಿ?”

“ಕಾಲಲ್ಲಿ ಒತ್ತಿ ಹಿಡೀತಿದ್ವಿ.”

ಅವನು ಬೈಯುವುದನ್ನು ಬಿಟ್ಟು ನಗತೊಡಗಿದ. ಆಮೇಲೆ ಅದನ್ನೇ ಫೋನಿನಲ್ಲಿದ್ದವನಿಗೂ ಹೇಳಿ ಅವನನ್ನೂ ನಗಿಸಿದ. ಹೊಸ ಪೈಪು, ಚೋಕಿಗೆ ಹೊಸ ಕೇಬಲ್ಲು, ಫ್ಯಾನು ತಾನಾಗಿ ತಿರುಗಲು ಹೊಸ ಸ್ವಿಚ್ಚು ಹಾಕಿದ. ಊಟದ ಹೊತ್ತಿಗೆ ಮುಗಿಯಿತು. ಅಪ್ಪನ ಇಡೀ ವಿದ್ಯೆ ಒಂದು ಗೇಣು ರಬ್ಬರಿನೊಳಗಿತ್ತು.

ಅಭ್ಯಾಸಕ್ಕೆ ಅಮ್ಮ ಜೊತೆಗೆ ಬಂದಳು, ಹೊಲಿಗೆಯ ಮರದ ಸ್ಕೇಲನ್ನೂ ತಂದಳು. ಸಿಗ್ನಲ್ಲಿನಲ್ಲಿ ಎಂಜಿನ್ ಗುಂಯ್ ಅಂದರೆ ಮೊಣಕಾಲಿಗೆ ಏಟು. “ಕಾಲು! ಕಾಲು ತೆಗಿ ಅಂದ್ನಲ್ಲ! ಯಾರಪ್ಪನ ಮನೆ ಗಂಟು ಹೋಗುತ್ತೆ?” ಎರಡು ದಿನ ಹೀಗೇ ನಡೆಯಿತು. ಮೊಣಕಾಲು ಕೆಂಪಾಯಿತು, ಪಾದ ದಾರಿಗೆ ಬಂತು. ಎರಡನೆಯ ದಿನ ಖಾಲಿ ಬೀದಿಯೊಂದರಲ್ಲಿ ಅಮ್ಮ ಸ್ಕೇಲನ್ನು ಹಿಂದಿನ ಸೀಟಿಗೆ ಎಸೆದು, “ಇಳಿ. ಈ ಕಡೆ ಬಾ,” ಅಂದಳು.

ಅವಳಿಗೆ ಮದುವೆಗೆ ಮುಂಚೆಯೇ ಲೈಸೆನ್ಸ್ ಇತ್ತಂತೆ. ಈ ಕಾರು ಮನೆಗೆ ಬಂದ ಮೊದಲ ವಾರವೇ ಅವಳ ಕೈಯಲ್ಲಿ ವೃತ್ತದ ನಡುವೆ ಆಫ್ ಆಗಿ, ಟ್ರಾಫಿಕ್ ಪೊಲೀಸ್ ಬಂದು ತಳ್ಳಿದನಂತೆ. ಈ ಎಂಜಿನ್ ನಿನ್ನ ಕೈಗೆ ಬಗ್ಗಲ್ಲ ಎಂದು ಅಪ್ಪ ಅವತ್ತೇ ಹೇಳಿದ್ದನಂತೆ. “ನಾನೂ ನಂಬಿದೆ,” ಎಂದಳು ಅಮ್ಮ, ಕನ್ನಡಿ ಸರಿಮಾಡಿಕೊಳ್ಳುತ್ತಾ. ಮೊದಲು ನಿಧಾನವಾಗಿ, ಆಮೇಲೆ ನನಗೆ ಭಯವಾಗುವಷ್ಟು ಚೆನ್ನಾಗಿ ಓಡಿಸಿದಳು.

ಭಾನುವಾರ ಅಪ್ಪನಿಗೆ ಗೊತ್ತಾಯಿತು. ಚೋಕಿನ ಕ್ಲಿಪ್ಪು ಹುಡುಕಿದ, ಇರಲಿಲ್ಲ. ಕೂತು ಸ್ಟಾರ್ಟ್ ಮಾಡಿ, ಯಾವತ್ತಿನ ಹಾಗೆ ಆಕ್ಸಿಲರೇಟರ್ ಅದುಮಿಕೊಂಡೇ ಕ್ಲಚ್ ಬಿಟ್ಟ. ಕಾರು ಮೇಕೆಯ ಹಾಗೆ ನೆಗೆದು ಹೋಗಿ ಗೇಟಿಗೆ ಮೂತಿ ಒತ್ತಿ ನಿಂತಿತು.

“ನೋಡಿದ್ರಾ? ಆ ಮೆಕ್ಯಾನಿಕ್ ಹಾಳು ಮಾಡಿದಾನೆ!” ಎಂದ ಅಪ್ಪ ಇಳಿಯದೆಯೇ. “ಹೇಳದೇ ಕೇಳದೇ ಓಡುತ್ತೆ ಇದು!”

ಸೋಮವಾರ ಮೊದಲ ಸಿಗ್ನಲ್ಲಿನಲ್ಲಿ ಲ್ಯಾಬಿನ ಕಾರು ಆಫ್ ಆದಾಗ ನನ್ನ ಪಾದ ಒಮ್ಮೆ ಮಿಸುಕಿತು. ತಡೆದೆ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತೆ. ಏನೂ ಮಾಡದೆ ಕೂರುವಷ್ಟು ಕಷ್ಟದ ಕೆಲಸವನ್ನು ನಾನು ಯಾವ ಗಾಡಿಯಲ್ಲೂ ಮಾಡಿರಲಿಲ್ಲ. ಹಸಿರು ಬಂತು, ಕ್ಲಚ್ ಒತ್ತಿದೆ, ಹೊರಟೆವು. ಹೀಗೇ ಊರು ಸುತ್ತಿ ಬಂದೆವು.

“ನಾಳೆಯಿಂದ ಬನ್ನಿ,” ಅಂದ ಸೂಪರ್‌ವೈಸರ್. “ಇಷ್ಟು ಬೇಗ ಹೇಗೆ ಕಲಿತ್ರಿ?”

“ಮನೆ ಕಾರು ರಿಪೇರಿ ಮಾಡಿಸಿದ್ವಿ ಸಾರ್.”

“ಏನು ತೊಂದರೆ ಇತ್ತು ಅದಕ್ಕೆ?”

ನಮ್ಮಪ್ಪ ಎಂದು ಬಾಯಿಗೆ ಬಂದಿತ್ತು. “ಒಂದು ರಬ್ಬರ್ ಪೈಪು,” ಅಂದೆ.

ಸಂಜೆ ಸುದ್ದಿ ಕೇಳಿ ಅಪ್ಪ ಸೋದರಮಾವನಿಗೆ ಫೋನು ಮಾಡಿ, ತಾನು ಕಲಿಸಿದ ರೀತಿಯೇ ಅಂಥದ್ದು ಎಂದು ಹೇಳಿದ. ಫೋನು ಇಟ್ಟು ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

“ಕೆಲಸ ಸಿಕ್ತಲ್ಲ, ಇನ್ನು ನಿನಗೆ ನಮ್ಮ ಗಾಡಿ ಬೇಡ. ಆ ಮೆಕ್ಯಾನಿಕ್ ಹಳೇ ಪೈಪ್ ಎಸೆದಿರ್ತಾನಾ?”

“ಯಾಕಪ್ಪಾ?”

“ವಾಪಸ್ ಹಾಕಿಸಿಬಿಡೋಣ ಅಂತ. ನನಗೆ ಅದೇ ಅಭ್ಯಾಸ.”

“ನನ್ನ ಕೇಳಬೇಡ. ಅಮ್ಮನ್ನ ಕೇಳು.”

ಅಮ್ಮ ಹಲ್ಲಿನಲ್ಲಿ ದಾರ ಕತ್ತರಿಸಿದಳು. “ಆಗಲ್ಲ ರೀ. ನಾಳೆಯಿಂದ ಹೊಲಿದ ಬಟ್ಟೆನೆಲ್ಲ ಅಂಗಡಿಗಳಿಗೆ ನಾನೇ ಹಾಕಿ ಬರ್ತೀನಿ. ಬಾಡಿಗೆ ಗಾಡಿಯವನಿಗೆ ಬರಬೇಡ ಅಂತ ಹೇಳಿಯೂ ಆಯ್ತು.”

“ನೀನಾ? ಆ ಎಂಜಿನ್ ನಿನ್ನ ಕೈಗೆ...”

“ಬಗ್ಗಿದೆ.”

ಅಪ್ಪ ಕಿಟಕಿಯಿಂದ ಕಾರನ್ನು ನೋಡಿದ. ಹೊರಗೆ ಅದು ಯಾರದಾದರೂ ಆಗಬಹುದಾದ ಕಾರಿನ ಹಾಗೆ ನಿಂತಿತ್ತು.

“ಪಕ್ಕದಲ್ಲಿ ನಾನು ಕೂರ್ತೀನಿ,” ಎಂದ ಕೊನೆಗೆ. “ದಾರೀಲಿ ಏನಾದ್ರೂ ಆದ್ರೆ ಗೊತ್ತಿರೋರು ಒಬ್ರು ಇರಬೇಕು.”

“ಕೂತ್ಕೊಳ್ಳಿ,” ಅಂದಳು ಅಮ್ಮ. “ಬಟ್ಟೆ ಗಂಟು ತೊಡೆ ಮೇಲೆ ಇಟ್ಕೊಳ್ಳೋಕೂ ಒಬ್ರು ಬೇಕು.”