ಮಾತೆಯ ಇನ್ನೊಂದು ಕೆನ್ನೆ

ಸಿದ್ದರಾಮೇಶಪ್ಪನವರ ಅಂಗಿಯ ಎಡತೋಳು ಎಂದೂ ಒಂದೇ ಬಣ್ಣದಲ್ಲಿದ್ದುದಿಲ್ಲ. ಕುಂಚ ಒರೆಸುವ ಬಟ್ಟೆ ಹೆಗಲ ಮೇಲೆಯೇ ಇದ್ದರೂ ಕೈ ಮಾತ್ರ ತೋಳನ್ನೇ ಹುಡುಕುತ್ತಿತ್ತು. ಒರೆಸಿದ ಮೇಲೆ, ಅದಕ್ಕಾಗಿ ಬೈಯುತ್ತಿದ್ದ ಹೆಂಡತಿ ಅಂಬಮ್ಮ ತೀರಿಕೊಂಡು ವರ್ಷಗಳಾದರೂ, ಕಳ್ಳನಂತೆ ಒಮ್ಮೆ ಹಿಂದಿರುಗಿ ನೋಡುತ್ತಿದ್ದರು. ಯಾರೂ ಬೈಯದಿದ್ದಾಗ ಅವರ ಮುಖ ಸಣ್ಣದಾಗುತ್ತಿತ್ತು.

ರಾಯದುರ್ಗದಿಂದ ನೇಮಕಲ್ಲಿನವರೆಗೆ ಗುಡಿಗೋಡೆಗಳಲ್ಲೆಲ್ಲ ಅವರು ಬರೆದ ದೇವರುಗಳಿದ್ದಾರೆ. ದೇವರ ಮುಖದ ಮೇಲೆ ನೆರಳು ಬೀಳಬಾರದೆಂಬುದು ಅವರಿಗೆ ತಂದೆಯಿಂದ ಬಂದ ಕಟ್ಟಳೆ. ಹಾಗಾಗಿ ಊರಾಚೆಯ ಚಿಕ್ಕ ಚರ್ಚಿನವರು, ಕತ್ತಲೆಯ ಕೊಟ್ಟಿಗೆಯಲ್ಲಿ ಮಗುವಿನೊಡನೆ ಕುಳಿತ ಮೇರಿ ಮಾತೆಯನ್ನು ಗೋಡೆಗೆ ಬರೆಯಲು ಹೇಳಿದಾಗ, ಆ ತಾಯಿಯನ್ನು ನಡುಹಗಲಿನ ಲಕ್ಷ್ಮಿಯಂತೆ ಫಳಫಳ ಹೊಳೆಯಿಸಿಬಿಟ್ಟರು.

"ಬೆಳಕು ಎಲ್ಲಿಂದ ಬರ್ತೈತ್ರಿ ಇಲ್ಲಿ?" ಎಂದು ಫಾದರ್ ಜೋಜಪ್ಪ ಕೇಳಿದರು.

"ದೇವ್ರಲ್ಲೇನ್ರಿ? ಎಲ್ಲಾ ಕಡಿಂದ್ಲೂ ಬರ್ತೈತಿ."

"ಆ ತಾಯಿ ದೇವ್ರಲ್ರಿ, ನಮ್ಮನಿ ಹೆಣ್ಮಕ್ಕಳಂಗ ಒಬ್ಬ ಹೆಣ್ಮಗಳು. ಬೆಳಕು ಕೂಸಿಂದು. ಇನ್ನೊಂದು ಕಡಿ ಕತ್ತಲ ಇರಬೇಕು."

ಸಿದ್ದರಾಮೇಶಪ್ಪನವರ ಮನೆಯ ಗೋಡೆಯ ಮೇಲೆ ಅಂಬಮ್ಮನ ಫೋಟೋ ಇತ್ತು, ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದು. ಬೆಳಕೆಲ್ಲ ಮುಖಕ್ಕೆ ಬಡಿದು ಅದರಲ್ಲಿ ಅಂಬಮ್ಮನೇ ಇರಲಿಲ್ಲ. ಅವರ ಅಂಬಮ್ಮ ಇದ್ದದ್ದು ಒಲೆಯ ಮುಂದೆ. ಗ್ಯಾಸು ಬಂದ ಮೇಲೂ ರೊಟ್ಟಿಗೆ ಕಟ್ಟಿಗೆಯ ಒಲೆಯೇ ಬೇಕೆನ್ನುತ್ತಿದ್ದ ಆಕೆಯ ಪಕ್ಕದಲ್ಲಿ, ಬಾಗಿಲ ಬಳಿಯ ಒಂದೇ ಜಾಗದಲ್ಲಿ ಕುಳಿತು, ಮದುವೆಯಾದಂದಿನಿಂದ ಅವರು ಉಂಡಿದ್ದರು. ಮರುದಿನ ಚರ್ಚಿಗೆ ಬಂದು ಮಾತೆಯ ಹಳೆಯ ಮುಖವನ್ನು ಅಳಿಸಿದರು. ಕೂಸಿನ ಬೆಳಕು ಒಲೆಯುರಿಯಂತೆ ಒಂದು ಕೆನ್ನೆಯನ್ನು ಕೆಂಪಾಗಿಸಿ ಮೂಗಿನ ಅಂಚಿನಲ್ಲಿ ನಿಂತು, ಇನ್ನೊಂದು ಕೆನ್ನೆ ಕತ್ತಲಲ್ಲಿ ಕರಗಿಹೋಗುವ ಮುಖವನ್ನು ಬರೆದರು.

ಚರ್ಚಿನ ಹೆಂಗಸರಿಗೆ ಅದು ಹಿಡಿಸಲಿಲ್ಲ. ಮಾತೆಯ ಅರ್ಧ ಮುಖ ಕಪ್ಪಾಗಿರುವುದೆಂದರೇನು? ಕೊನೆಗೆ ನೆರಳು ಕೇಳಿದ ಫಾದರೇ ಬಂದು, "ಆ ಕಡೀನೂ ಸ್ವಲ್ಪ ಕಾಣಂಗ ಮಾಡ್ರಿ" ಎಂದು ಸಂಕೋಚದಿಂದ ಹೇಳಬೇಕಾಯಿತು.

ಸಿದ್ದರಾಮೇಶಪ್ಪ ಕುಂಚವನ್ನು ಬಣ್ಣಕ್ಕೆ ಅದ್ದಿ, ಗೋಡೆಯ ಹತ್ತಿರ ಹಿಡಿದು, ಹಾಗೆಯೇ ನಿಂತರು.

"ಆಗಾಂಗಿಲ್ರಿ, ಫಾದರ್. ಒಲಿ ಮುಂದ ನಮ್ಮಾಕಿ ನನಗ ಕಂಡಿದ್ದು ಇಷ್ಟ. ಎದ್ದು ಆ ಕಡಿ ಹೋಗಿ ಕುಂತು ಒಂದಿನಾನೂ ನೋಡ್ಲಿಲ್ಲ. ಈಗ ಬರೆದ್ರ ಅದು ಬ್ಯಾರೆ ಯಾರೋ ಆಗ್ತಾರ."

ಫಾದರ್ ಕುಂಚವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಡಬ್ಬಿಯಲ್ಲಿಟ್ಟರು.

ಹಂಬಲದಲ್ಲಿ ಬದುಕುವ ಮಂದಿಯೇ ಹೀಗೆಂದು ತೋರುತ್ತದೆ. ಕಳೆದುಕೊಂಡವರನ್ನು ಪೂರ್ತಿ ನೋಡಿರಲಿಲ್ಲವಲ್ಲ ಎಂಬ ಸಂಕಟ ಅವರನ್ನು ಸುಡುತ್ತದೆ; ಆದರೂ ನೋಡದೆ ಉಳಿದದ್ದನ್ನು ತಮ್ಮ ಮನಸ್ಸಿಗೆ ಬಂದಂತೆ ತುಂಬಿಕೊಳ್ಳಲು ಅವರಿಗೆ ಕೈ ಬರುವುದಿಲ್ಲ.