ಶಾಲು ಅವರಿಗೆ, ಕಣ ನನಗೆ

ಕಾದಂಬರಿ ಬರೆದವಳು ನಾನು. ಪ್ರಶಸ್ತಿ ತೆಗೆದುಕೊಳ್ಳಲು ಕರೆದದ್ದು ನನ್ನ ಗಂಡನನ್ನು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಲೇಖಕರ ಕಥೆ-ಕಾದಂಬರಿಗೆಂದು ಒಂದು ಸಾಹಿತ್ಯ ಸಂಘ ವರ್ಷಕ್ಕೊಂದು ಪ್ರಶಸ್ತಿ ಕೊಡುತ್ತಿತ್ತು. ಅರವತ್ತೇಳನೇ ಇಸವಿಯಲ್ಲಿ ಅದು ನನ್ನ ಪುಸ್ತಕಕ್ಕೆ ಬಂತು. ಸಮಾರಂಭ ನಮ್ಮ ತೀರ್ಥಹಳ್ಳಿಯಲ್ಲೇ. ಕಾರ್ಯದರ್ಶಿ, ಹೊಸನಗರದ ಮುಕುಂದಯ್ಯ, ಬೆಳಿಗ್ಗೆಯೇ ಮನೆಗೆ ಬಂದರು.

"ಸತ್ಯಭಾಮಮ್ಮ, ಹೆಂಗಸ್ರಿಗೆ ಗಂಡಸ್ರು ಶಾಲು ಹೊದೆಸೋದು ಸರಿ ಕಾಣಲ್ಲ. ಶಾಲು, ಫಲಕ ರಾಯರು ತಗೊಳ್ಳಲಿ. ನಿಮಗೆ ಕುಂಕುಮ ಹಚ್ಚಿ ರವಿಕೆ ಕಣ ಕೊಡಿಸ್ತೀವಿ."

"ಬರೆದದ್ದು ನಾನಲ್ವಾ?"

"ಅದಕ್ಕೆಂತ? ನೀವು ಬೇರೆ, ಅವರು ಬೇರೆಯಾ?"

ನನ್ನ ಯಜಮಾನರು ಯಜ್ಞನಾರಾಯಣರು ಆಗಲೇ ಇಸ್ತ್ರಿ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತಿದ್ದರು. ಪುಣ್ಯಾತ್ಮರು ಪುಸ್ತಕದ ಒಂದು ಪುಟವನ್ನೂ ಮಗುಚಿರಲಿಲ್ಲ. ನಾನು ಬರೆದದ್ದನ್ನೆಲ್ಲ ಓದುತ್ತಿದ್ದವಳು ಇವರ ತಂಗಿ, ನಮ್ಮ ಮನೆಯಲ್ಲೇ ಇದ್ದ ಕಾಮಾಕ್ಷಿ.

ಸಭೆಯಲ್ಲಿ ನಾನೂ ಕಾಮಾಕ್ಷಿಯೂ ಹೆಂಗಸರ ಸಾಲಿನಲ್ಲಿ ಕೂತೆವು. ಯಾರೋ ಬಂದು ಕಣವನ್ನು ನನ್ನ ಮಡಿಲಿಗೆ ಹಾಕಿ ಹೋದರು. ವೇದಿಕೆಯ ಮೇಲೆ ಇವರು ಶಾಲು ಹೊದ್ದು ಭಾಷಣ ಶುರು ಮಾಡಿದರು: "ಅಡುಗೆಮನೆ ಕೆಲಸ ಮುಗಿಸಿ ಬರೆಯೋದಕ್ಕೆ ನಾನು ಯಾವತ್ತೂ ಅಡ್ಡಿ ಮಾಡ್ಲಿಲ್ಲ." ಚಪ್ಪಾಳೆಯೋ ಚಪ್ಪಾಳೆ.

ತೀರ್ಪುಗಾರರು ಮೆಚ್ಚಿದ ಪುಟವನ್ನು ತೆರೆದು ಮುಕುಂದಯ್ಯ ಇವರ ಕೈಗಿತ್ತರು. "ನಾಲ್ಕು ಸಾಲು ಓದ್ಬಿಡಿ, ರಾಯರೇ."

ಇವರು ಗಂಟಲು ಸರಿಮಾಡಿಕೊಂಡರು. "ಗಂಡ ಸತ್ತ ತಂಗಿ ಟೀಚರ್ ಟ್ರೈನಿಂಗಿಗೆಂದು ಶಿವಮೊಗ್ಗದ ಬಸ್ಸು ಹತ್ತಿದ್ದಳು. ಅಣ್ಣ ಓಡಿಬಂದು ಅವಳ ಟ್ರಂಕನ್ನು..."

ದನಿ ನಿಂತಿತು. ಇವರು ಕಾಮಾಕ್ಷಿಯ ಟ್ರಂಕನ್ನು ಬಸ್ಸಿನಿಂದ ಎಳೆದುಹಾಕಿದ್ದನ್ನು ಪೇಟೆಗೆ ಪೇಟೆಯೇ ನಿಂತು ನೋಡಿತ್ತು. ಅಂದು ತುಟಿ ಬಿಚ್ಚದವರೆಲ್ಲ ಇಂದು ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು.

ನನ್ನ ಪಕ್ಕದಲ್ಲಿ ಕಾಮಾಕ್ಷಿ ಎದ್ದು ನಿಂತಳು. ಮನೆಯಲ್ಲಿ ಅಣ್ಣನೆದುರು ತಲೆಯೆತ್ತದವಳು.

"ಓದಣ್ಣ," ಎಂದಳು. "ಮುಂದೆ ಓದು."

ಇವರು ಓದಲಿಲ್ಲ. ನಾನು ಕಣವನ್ನು ಕುರ್ಚಿಯ ಮೇಲಿಟ್ಟು ವೇದಿಕೆ ಹತ್ತಿದೆ. ಶಾಲು ಇವರ ಹೆಗಲ ಮೇಲೇ ಇರಲಿ ಎಂದು ಬಿಟ್ಟೆ. ಪುಸ್ತಕವನ್ನು ಮಾತ್ರ ಕಿತ್ತುಕೊಂಡು ಉಳಿದದ್ದನ್ನು ನಾನೇ ಓದಿದೆ.