ಅನುಜಾ ಆರಿಸಿದ ವಿಮಾನ

ಖಾನಾಪುರದ ಬಸದಿ ಓಣಿಯೊಳಗ ಆ ವಾರ ಎಲ್ಲಾರ ಬಾಯಾಗೂ ಒಂದ ಮಾತು. ತವನಪ್ಪನ ಮೊಮ್ಮಗಳು ಅನುಜಾ ವ್ರತದ ಸಲುವಾಗಿ ದೊಡ್ಡ ವಿಮಾನಾನ ಬಿಟ್ಟಳಂತ. ಈ ಸುದ್ದಿ ಹಬ್ಬಿಸಿದಾಕಿ ಯಾರು ಅಂದ್ರ ಖುದ್ದ ಹುಡುಗಿ ಅಜ್ಜಿ, ತವನಪ್ಪನ ಹೇಣ್ತಿ ರತ್ನಮಾಲಾ. ಆಕಿ ಬಾಯಿಗೆ ಬಿದ್ದ ಸುದ್ದಿಗೆ ಮತ್ತ ಡಂಗುರ ಯಾಕ ಬೇಕು? ಹಾಲಿನವನಿಗೆ ಹೇಳಿದ್ಲು, ಬಾಜು ಮನಿ ಪದ್ಮವ್ವಗ ಹೇಳಿದ್ಲು, ಬಸದಿಗೆ ಬಂದವರಿಗೆಲ್ಲ ಹೇಳಿದ್ಲು. ಹೇಳಿದವರಿಗೇ ಮತ್ತೊಮ್ಮೆ ಹೇಳಿದ್ಲು.

ಹೇಳಿಕೊಳ್ಳೂವಂಥಾದ್ದೂ ಇತ್ತು ಬಿಡ್ರಿ. ಅನುಜಾ ಹುಟ್ಟಿ ಬೆಳದದ್ದು ಬೆಳಗಾವಿ ಹಿಂದವಾಡಿಯೊಳಗ. ಪೈಲಟ್ ಆಗಿ ಈಗಷ್ಟ ಒಂದು ಸರಕು ವಿಮಾನದ ಕಂಪನಿ ಸೇರಿದ್ಲು. ಮಂದಿ ಕುಂದರೂ ವಿಮಾನ ಅಲ್ಲ. ಬರೇ ಪಾರ್ಸಲ್ಲು, ಔಷಧ, ಮಷೀನಿನ ಸಾಮಾನು. ಅಲ್ಲಿ ವಿಮಾನ ಎರಡು ನಮೂನಿ. ಪಂಖಾ ತಿರುಗೂ ಸಣ್ಣವು, ಹಗಲಿನ್ಯಾಗ ಸಣ್ಣಪುಟ್ಟ ಊರಿಗೆ ಹೋಗಿ ಬರೂವು. ಇನ್ನ ದೊಡ್ಡ ಜೆಟ್ಟು, ಸಂಜಿಗೆ ಹೊಂಟು ರಾತ್ರಿಯೆಲ್ಲ ದೇಶ ದಾಟೂವು. ಹೊಸಬರೊಳಗ ಪರೀಕ್ಷಾದಾಗ ಮ್ಯಾಲ ಬಂದವರು ಮೊದಲ ಆರಿಸಬೇಕು, ಉಳದವರಿಗೆ ಉಳದದ್ದು. ಅನುಜಾ ಎಲ್ಲಾರಕಿಂತ ಮ್ಯಾಲ ಬಂದಿದ್ಲು. ಜೆಟ್ಟಿನ್ಯಾಗ ಈ ಸಲ ಜಾಗಾ ಇದ್ದದ್ದು ಒಂದ. ಈಕಿ ಬ್ಯಾಡ ಅಂದ್ರ ಅದು ಎರಡನೇ ನಂಬರಿನ ರೋಹನಗ ಹೋಗತದ. ಮತ್ತ ಯಾವಾಗ ಖಾಲಿ ಆದೀತೋ ಯಾರಿಗೆ ಗೊತ್ತು?

ಆದ್ರ ಅನುಜಾಗ ಒಂದು ನೇಮಾ ಇತ್ತು. ಸಣ್ಣಾಕಿ ಇದ್ದಾಗ ಅಜ್ಜಿ ಕೈ ಹಿಡಕೊಂಡು ಬಸದಿಗೆ ಹೋಗಿ, ಹೊತ್ತು ಮುಣಗಿದ ಮ್ಯಾಲ ಉಣ್ಣೂದಿಲ್ಲ ಅಂತ ವ್ರತ ತಗೊಂಡಿದ್ಲು. ಜೈನರ ಮನ್ಯಾಗ ಇದೇನ ಹೊಸಾದಲ್ಲ ಖರೇ. ಆದ್ರ ಹಾಸ್ಟೆಲ್ಲು, ವಿಮಾನ ಕಲಿಸೂ ಸಾಲಿ, ಗೆಳತ್ಯಾರ ಲಗ್ನ, ಎಲ್ಲೂ ಬಿಡದ ಹಟಾ ಹಿಡದು ನಡಸಿದಾಕಿ ಮೊಮ್ಮಕ್ಕಳೊಳಗ ಈಕಿ ಒಬ್ಬಾಕಿನ. ರತ್ನಮಾಲಾಗ ಅದನ್ನ ನೆನಸಿದ್ರ ಎದಿ ತುಂಬಿ ಬರತಿತ್ತು. ಆಕಿನೂ ಏನ ಕಡಿಮಿ ಅಲ್ಲ. ಆಪರೇಷನ್ ಆದಾಗ ನರ್ಸಬಾಯಿ ದೀಪಾ ಹಚ್ಚೂ ಹೊತ್ತಿಗೆ ಗಂಜಿ ತಂದ್ರ, "ನಾಳೆ ಬೆಳಕ ಹರದ ಮ್ಯಾಲ ತಗೊಂಡ ಬರ್ರಿ" ಅಂತ ಹೊಳ್ಳಿ ಕಳಿಸಿದಾಕಿ. "ಅಜ್ಜಿ, ಜೆಟ್ಟಿಗೆ ರಾತ್ರಿ ಡ್ಯೂಟಿ ಇರತದ, ನೇಮಾಕ್ಕ ತೊಂದ್ರಿ ಆದೀತು, ಸಣ್ಣದನ್ನ ತಗೋತೀನಿ" ಅಂತ ಮೊಮ್ಮಗಳು ಫೋನಿನ್ಯಾಗ ಅಂದದ್ದ ತಡಾ, ಅಜ್ಜಿ ಓಣಿ ತಿರಗಾಕ ಹೊಂಟಿದ್ಲು.

ಕಂಪನಿಗೆ ತಿಳಸೂ ದಿನ ಬಂತು. ಸಂಜಿ ಆರರೊಳಗ ಉತ್ತರ ಮುಟ್ಟಬೇಕು. ಅನುಜಾ ಸ್ಕೂಟಿ ಮ್ಯಾಲ ಪೀರನವಾಡಿ ದಾಟಿ, ಸಣ್ಣ ಮಳಿಯೊಳಗ ಅರ್ಧಾ ತೊಯಿಸಿಕೊಂಡು ಖಾನಾಪುರಕ್ಕ ಬಂದ್ಲು. ಬಾಗಲದಾಗ ಪದ್ಮವ್ವ ಆರತಿ ತಾಟು ಹಿಡಕೊಂಡ ನಿಂತಿದ್ಲು.

"ದೊಡ್ಡಸ್ತಿಕಿ ಬಿಟ್ಟು ಧರ್ಮಾ ಹಿಡದಿ ನಮ್ಮವ್ವಾ. ನಮ್ಮ ಮನ್ಯಾವು ಮೊಬೈಲ್ ಸೈತ ಬಿಡೂದಿಲ್ಲ" ಅಂತ ಹಣಿಗೆ ಕುಂಕುಮ ಹಚ್ಚಿದ್ಲು.

ಅನುಜಾ ತಲಿ ಬಗ್ಗಿಸಿದ್ಲು. ಎಷ್ಟು ವಿನಯ ನೋಡು ಅಂತ ರತ್ನಮಾಲಾ ಇನ್ನಷ್ಟು ಉಬ್ಬಿದ್ಲು.

ಐದಕ್ಕ ಎಲಿ ಹಾಕಿದ್ರು. ಬಿಸಿ ರೊಟ್ಟಿ, ಹೀರಿಕಾಯಿ ಪಲ್ಯ, ಗಟ್ಟಿ ಮೊಸರು. ತವನಪ್ಪ ಚುರಮುರಿ ಹುರಿಯೂ ಭಟ್ಟಿ ನಡಸಿದಂವ, ಏನ ಕಂಡ್ರೂ ಚೀಲದ ಲೆಕ್ಕದಾಗ ಕೇಳಾಂವ. "ಅಲ್ಲವಾ ಅನು, ನಿನ್ನ ಸಣ್ಣ ವಿಮಾನ ಎಷ್ಟ ಮಾಲು ಹಿಡಿತದ?"

"ಒಂದು ಲಾರಿಯಷ್ಟು, ಅಜ್ಜಾ." ಹೇಳಿ ರೊಟ್ಟಿ ಮುರದ್ಲು.

"ಮತ್ತ ದೊಡ್ಡದು?"

ಅನುಜಾನ ಕೈ ನಿಂತಿತು. "ಅಜ್ಜಾ, ಅದರ ಬಾಗಲಾ ತೆಗದ್ರ ನಿಮ್ಮ ಭಟ್ಟಿ ಶೆಡ್ಡಿನೊಳಗ ಹೊಕ್ಕಂಗ ಆಕ್ಕೈತಿ. ಅಷ್ಟ ಉದ್ದ. ಅಷ್ಟೆಲ್ಲಾ ಭಾರ ಹೊತಗೊಂಡು ಅದು ನೆಲಾ ಬಿಡೂವಾಗ ಬೆನ್ನಾಗ ಗೊತ್ತಾಗತದಂತ. ಸಂಜಿಮುಂದ ಪಡುವಣಕ್ಕ ಹೊಂಟ್ರ ಹೊತ್ತ ಲಗೂನ ಮುಣಗೂದಿಲ್ಲ ಅಜ್ಜಾ. ಕೆಳಗ ಊರಿಗೆಲ್ಲ ಕತ್ತಲಿ, ನಮ್ಮ ಮುಂದ ಮಾತ್ರ ಸೂರ್ಯ ಭಾಳ ಹೊತ್ತು ನಿಂತಿರತಾನ. ನಾವು ಅವನ ಬೆನ್ನ ಹತ್ತಿ ಹೋಗತಿರತೀವಿ." ಆಕಿ ಮಾರಿ ಮ್ಯಾಲ ಬೆಳಕು ಬಂದಿತ್ತು. ತುತ್ತು ಕೈಯಾಗ ಹಂಗ ಉಳದಿತ್ತು.

ರತ್ನಮಾಲಾ ಬಡಸೂದು ಬಿಟ್ಟು ಮೊಮ್ಮಗಳನ್ನ ನೋಡಿದ್ಲು. ಸಣ್ಣ ವಿಮಾನದ ಮಾತು ಬಂದ್ರ ಒಂದ ಮಾತಿನ ಉತ್ತರ, ದೊಡ್ಡದರ ಮಾತು ಬಂದ್ರ ಊಟಾನೂ ಮರತ ಹೋತು. ಮನಸು ಎಲ್ಲಿ ಐತಿ ಅಂತ ಕಣ್ಣಿದ್ದವರಿಗೆ ತಿಳಿಯೂದಿಲ್ಲೇನು? ಓಣಿ ತುಂಬ ಹೊಗಳಿಸಿಕೊಂಡು ತಿರಗ್ಯಾಡಿದ್ಯಲ್ಲ ಮುದಕಿ, ಹುಡುಗಿ ಕಾಲು ಕಟ್ಟಿದಾಕಿ ನೀನ ಅಂತ ತನಗ ತಾನ ಬೈಕೊಂಡ್ಲು.

"ಕೈ ತೊಳಕೊ. ಬಸದಿಗೆ ಹೋಗೂಣು" ಅಂದ್ಲು.

"ಅಜ್ಜಿ, ಊಟ?"

"ಬಂದ ಉಣ್ಣಾಕಂತಿ. ನಡಿ."

ಆ ಚಾತುರ್ಮಾಸಕ್ಕ ಬಸದಿಯೊಳಗ ಒಬ್ಬರು ಮಾತಾಜಿ, ಜೈನ ಸನ್ಯಾಸಿನಿ, ತಂಗಿದ್ರು. ಬಿಳಿ ಸೀರಿ, ಕೈಯಾಗ ನವಿಲುಗರಿ ಪಿಂಛಿ, ಮಾತು ಕಡಿಮಿ. ರತ್ನಮಾಲಾ "ವಂದಾಮಿ" ಅಂತ ನೆಲಾ ಮುಟ್ಟಿ ಕುಂತ್ಲು. ಯಾರ ಮುಂದೂ ಏನೂ ಬೇಡಿ ಗೊತ್ತಿದ್ದಿಲ್ಲ ಆಕಿಗೆ.

"ಮಾತಾಜಿ, ನನ್ನ ಹೆಚ್ಚುಗಾರಿಕಿಗೆ ಈ ಕೂಸಿಗೆ ರಾತ್ರಿ ಉಣ್ಣಬಾರದು ಅನ್ನೂ ನೇಮಾ ಕೊಡಿಸೀನಿ. ಅದು ಈಕಿ ದಾರಿಗೆ ಅಡ್ಡ ಬಂದದ. ಈಕಿನ್ನ ಬಿಡಸ್ರಿ. ಪ್ರಾಯಶ್ಚಿತ್ತ ಏನ ಇದ್ರೂ ನನಗ ಕೊಡ್ರಿ."

ಮಾತಾಜಿ ಅನುಜಾನ ಕಡೆ ನೋಡಿದ್ರು. "ನೇಮಾ ನಿನ್ನದು. ನಿನಗ ಬಿಡೂದು ಐತೇನವ್ವಾ?"

ಅನುಜಾ ಅಜ್ಜಿ ಮಾರಿ ನೋಡಿದ್ಲು, ನೆಲಾ ನೋಡಿದ್ಲು. ಆಮ್ಯಾಲ ಕಣ್ಣಾಗ ನೀರು ತಂದ್ಲು.

"ಇಲ್ರಿ ಮಾತಾಜಿ. ನೇಮಾ ಅಡ್ಡ ಬಂದೇ ಇಲ್ಲ. ಹಗಲ ಇರತನ ಉಂಡು ಡ್ಯೂಟಿಗೆ ಹೋದ್ರ ನಡೀತದ, ಕಂಪನಿ ಡಾಕ್ಟರನ್ನ ನಾನ ಕೇಳೀನಿ." ಮಾತಾಜಿಗೆ ಕೈ ಜೋಡಿಸಿದ್ಲು. "ನನಗ ಅಂಜಿಕಿ. ಆರಿಸೂಕಿಂತ ಮೊದಲ ಎಲ್ಲಾರನ್ನೂ ಜೆಟ್ಟಿನ ಸಿಮ್ಯುಲೇಟರದಾಗ ಕುಂದ್ರಿಸಿದ್ರು. ನೆಲದ ಮ್ಯಾಲ ಇರೂ ಸುಳ್ಳ ವಿಮಾನ ಅದು. ಏರೂವಾಗ ಒಂದು ಇಂಜಿನ್ ಬಂದ್ ಮಾಡಿದ್ರು. ನನ್ನ ಕೈ ಕಾಲು ಕಟ್ಟಿದಂಗ ಆದ್ವು. ಕಲಿಸೂ ಸರ್ ವಿಮಾನಾ ತಮ್ಮ ಕೈಯಾಗ ತಗೊಂಡ್ರು. ಅದಕ್ಕೇನ ಮಾರ್ಕ್ಸ್ ಇದ್ದಿಲ್ಲ, ಯಾರೂ ಏನೂ ಅನ್ನಲಿಲ್ಲ. ಆದ್ರ ನನ್ನ ಎದ್ಯಾಗಿಂದ ಅದು ಹೋಗವಲ್ದು. ಅಂಜಿಕಿ ಅಂತ ಹೇಳಾಕ ನಾಚಿಕಿ ಆತು, ನೇಮಾದ ಹೆಸರ ಹೇಳಿದೆ. ಎಲ್ಲಾರೂ ಹೊಗಳಾಕ ಸುರು ಮಾಡಿದ್ರು. ಆಮ್ಯಾಲ ಹೆಂಗ ಹೇಳಲಿ?"

ರತ್ನಮಾಲಾಗ ಹಾಲಿನವ, ಪದ್ಮವ್ವ, ಆರತಿ ತಾಟು, ಎಲ್ಲಾ ಕಣ್ಣಮುಂದ ಬಂದ್ವು. ಮಾನಾ ಮೂರಾಬಟ್ಟಿ ಆತಲ್ಲ ಅಂತ ಸಿಟ್ಟು ನೆತ್ತಿಗೇರಿತು. ಬಯ್ಯಾಕ ಬಾಯಿ ತೆಗದಾಕಿ ಹುಡುಗಿ ಮಾರಿ ನೋಡಿ ಸುಮ್ಮನಾದ್ಲು. ಈ ಹುಡುಗಿ ಇನ್ನೊಂದು ತಾಸು ಬಾಯಿ ಮುಚ್ಚಿಕೊಂಡ ಇದ್ದಿದ್ರ ಯಾರಿಗೂ ತಿಳೀತಿದ್ದಿಲ್ಲ. ಜನ್ಮಾಪೂರ್ತಿ ಓಣಿ ಈಕಿನ್ನ ಹಾಡಿ ಹರಸತಿತ್ತು. ಅದನ್ನೆಲ್ಲ ತಾನಾಗೇ ಕಳಚಿ ಒಗದ್ಲಲ್ಲ ಈ ಪೋರಿ. ತಾನು ಅವತ್ತ ಗಂಜಿ ಹೊಳ್ಳಿ ಕಳಿಸಿದ್ದರಾಗ ಅಂಥಾ ಶೂರತನ ಏನೂ ಇದ್ದಿಲ್ಲ, ಅಂತ ಮೊದಲನೇ ಸಲ ಅನಸಿತು.

"ಅಂಜಿಕಿಗೆ ವ್ರತದ ಬಟ್ಟಿ ತೊಡಿಸಬ್ಯಾಡ, ತಂಗಿ" ಅಂದ್ರು ಮಾತಾಜಿ. ಅಷ್ಟ ಹೇಳಿ ಕಣ್ಣು ಮುಚ್ಚಿದ್ರು.

ಹೊರಗ ಬಂದು ಕಟ್ಟಿ ಮ್ಯಾಲ ಕುಂತ್ರು. ರತ್ನಮಾಲಾ ಸೆರಗಿಲೆ ಮೊಮ್ಮಗಳ ಕಣ್ಣ ಒರಸಿದ್ಲು. "ಆ ಸುಳ್ಳ ವಿಮಾನದಾಗ ಮತ್ತ ಕುಂದ್ರಸತಾರೇನು?"

"ಜೆಟ್ ತಗೊಂಡ್ರ ತಿಂಗಳಾನಗಟ್ಲೆ ಅದನ್ನ ಕಲಸ್ತಾರ. ಪಾಸ್ ಆಗೂತನ ಖರೇ ವಿಮಾನ ಮುಟ್ಟಾಕ ಬಿಡೂದಿಲ್ಲ."

"ಅಂಜಿಕಿ ಹೋಗತದೇನು?"

"ಗೊತ್ತಿಲ್ಲ ಅಜ್ಜಿ."

"ಹೋಗಲಿಲ್ಲಂದ್ರ ಬಾ, ಇಬ್ಬರೂ ಕೂಡೇ ಅಂಜೂಣು. ನಿನಗ ಬೇಕಾದದ್ದು ಯಾವುದು? ಅಷ್ಟ ಹೇಳು."

"ದೊಡ್ಡದು" ಅಂದ್ಲು ಅನುಜಾ. ಫೋನ್ ತೆಗದು ಜೆಟ್ ಅಂತ ಬರದು, ಅಜ್ಜಿ ಕಣ್ಣಮುಂದನ ಕಳಿಸಿದ್ಲು.

ಮನಿಗೆ ಬರೂದ್ರಾಗ ಪದ್ಮವ್ವ ಅಂಗಳದಾಗ ಕಾಯಾಕ ಹತ್ತಿದ್ಲು. "ಏನ್ರಿ ಕಾಕು, ಮಾತಾಜಿ ಏನಂದ್ರು? ವ್ರತಕ್ಕ ವಿಮಾನಾನ ಬಿಟ್ಟಾಳ ಅಂತ ಕೇಳಿ ಖುಷಿ ಪಟ್ರೇನು?"

ಅನುಜಾ ಅಜ್ಜಿ ಕೈ ಗಟ್ಟಿ ಹಿಡದ್ಲು. ರತ್ನಮಾಲಾ ಚಪ್ಪಲಿ ಕಳದು, ಓಣಿಗೆಲ್ಲ ಕೇಳೂವಂಗ ಹೇಳಿದ್ಲು: "ನಾ ಹೇಳಿದ್ದು ತಪ್ಪು, ಪದ್ಮವ್ವಾ. ವ್ರತಕ್ಕ ಬಿಟ್ಟಿದ್ದಿಲ್ಲ, ಅಂಜಿಕಿಗೆ ಬಿಟ್ಟಿದ್ಲು. ಈಗ ಅಂಜಕೋತನ ದೊಡ್ಡದನ್ನ ಹಿಡದಾಳ. ನಾಳೆ ಹಾಲಿನವಗೂ ನಾನ ಹೇಳತೀನಿ."

ಹೇಳಿ ರತ್ನಮಾಲಾ ಪಡುವಣಕ್ಕ ನೋಡಿದ್ಲು. ಮಳಿ ಸರದು, ಗಿಡದ ಮ್ಯಾಲ ಇನ್ನೂ ಚೂರು ಬಿಸಲಿತ್ತು.

"ಅನು, ಅರ್ಧಾ ರೊಟ್ಟಿ ಬಿಟ್ಟ ಎದ್ದೀದಿ. ಹೊತ್ತ ಇನ್ನೂ ಐತಿ. ಕುಂದರು, ಹೊಟ್ಟಿ ತುಂಬ ಉಣ್ಣು."